‘ಇಷ್ಟು ಸಾಕು’ ಎಂಬ ಗೆರೆ

ಯೇಸು ಜನರ ನಡುವೆ ಬೋಧಿಸುತ್ತಿದ್ದಾಗ ಗುಂಪಿನಲ್ಲಿದ್ದ ಒಬ್ಬ ತನ್ನ ಮನೆಯ ಆಸ್ತಿ ವ್ಯಾಜ್ಯವನ್ನು ಅವರ ಮುಂದಿಟ್ಟ. ಪಿತ್ರಾರ್ಜಿತದಲ್ಲಿ ನನ್ನ ಪಾಲು ಕೊಡುವಂತೆ ನನ್ನ ಸಹೋದರನಿಗೆ ಬುದ್ಧಿ ಹೇಳಿ ಎಂಬುದು ಅವನ ಅಹವಾಲು. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿರುವ ಈ ಪ್ರಸಂಗ ಇವತ್ತು ನಮ್ಮ ಯಾವ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಾದರೂ ನಡೆಯಬಹುದು. ಅವನ ಬೇಡಿಕೆಯಲ್ಲಿ ನ್ಯಾಯವೂ ಇದ್ದಿರಬಹುದು. ಆದರೆ ಯೇಸು ಪಂಚಾಯಿತಿಗೆ ಕೂರಲಿಲ್ಲ. ನಿಮ್ಮ ಆಸ್ತಿ ಪಾಲು ಮಾಡಲು ನನ್ನನ್ನು ನೇಮಿಸಿದವರು ಯಾರು ಎಂದು ಕೇಳಿದರು. ಸುತ್ತ ನಿಂತವರೆಲ್ಲರಿಗೂ ಲೋಭದ ಬಗ್ಗೆ ಎಚ್ಚರ ಹೇಳಿ, ಒಂದು ಸಾಮ್ಯ ಹೇಳಿದರು.

ಒಬ್ಬ ಸಾಹುಕಾರ. ಅವನ ಹೊಲ ಆ ವರ್ಷ ಭರ್ಜರಿಯಾಗಿ ಬೆಳೆಯಿತು. ತುಂಬಿಡಲು ಜಾಗ ಸಾಲದಾಯಿತು. ಇರುವ ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸುತ್ತೇನೆ, ಬೆಳೆಯನ್ನೆಲ್ಲ ಅಲ್ಲಿ ತುಂಬಿ ವರ್ಷಾನುಗಟ್ಟಲೆ ಉಂಡು ಕುಡಿದು ಆರಾಮಾಗಿ ಇರುತ್ತೇನೆ ಎಂದು ಅವನು ಲೆಕ್ಕ ಹಾಕಿದ. ಅದೇ ರಾತ್ರಿ ದೇವರು ಅವನ ಪ್ರಾಣ ಕೇಳಿದರು. ಕೂಡಿಟ್ಟದ್ದೆಲ್ಲ ಇನ್ನು ಯಾರ ಪಾಲು ಎಂಬ ಪ್ರಶ್ನೆಯೊಂದಿಗೆ ಕಥೆ ಮುಗಿಯುತ್ತದೆ.

ಈ ಸಾಮ್ಯವನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸಾಹುಕಾರ ಕಳ್ಳನಲ್ಲ. ಅವನು ತೂಕದಲ್ಲಿ ಮೋಸ ಮಾಡಿದ, ಕೂಲಿ ಹಿಡಿದುಕೊಂಡ, ಇನ್ನೊಬ್ಬರ ಬದು ಒತ್ತಿದ ಎಂದು ಎಲ್ಲೂ ಹೇಳಿಲ್ಲ. ಭೂಮಿ ಕೊಟ್ಟಿತು, ಅವನು ತೆಗೆದುಕೊಂಡ, ಅಷ್ಟೆ. ಆದರೆ ಅವನ ಮಾತಿನ ತುಂಬ ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಜೀವ. ಕೊಯ್ಲು ಮಾಡಿದ ಆಳುಗಳು ಅದರಲ್ಲಿ ಬರುವುದಿಲ್ಲ, ನೆರೆಮನೆಯವರು ಬರುವುದಿಲ್ಲ, ಹೆಂಡತಿ ಮಕ್ಕಳೂ ಬರುವುದಿಲ್ಲ. ಮಳೆ ಕೊಟ್ಟ ದೇವರ ನೆನಪಂತೂ ಇಲ್ಲವೇ ಇಲ್ಲ. ಸಲಹೆ ಕೇಳುವುದಕ್ಕೂ ಅವನಿಗೆ ಇನ್ನೊಬ್ಬ ಮನುಷ್ಯ ಬೇಕಾಗಲಿಲ್ಲ, ತನ್ನೊಂದಿಗೇ ಮಾತಾಡಿಕೊಂಡ. ಬಂದದ್ದು ಸಾಕೇ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ, ಎಲ್ಲಿ ತುಂಬಿಡಲಿ ಎಂದಷ್ಟೇ ಕೇಳಿಕೊಂಡ. ಕ್ರೈಸ್ತ ನಂಬಿಕೆ ಲೋಭ ಎಂದು ಕರೆಯುವುದು ಇದನ್ನು. ಕಾನೂನಿನ ಕಣ್ಣಿಗೆ ನಿರ್ದೋಷಿಯಾದವನಲ್ಲೂ ಅದು ಸದ್ದಿಲ್ಲದೆ ಮನೆ ಮಾಡಿಕೊಂಡಿರುತ್ತದೆ.

ನಾಲ್ಕನೇ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಕಪ್ಪದೋಕ್ಯದ ಕೈಸರೇಯ ಪಟ್ಟಣದಲ್ಲಿ ಬಸಿಲ್ ಎಂಬ ಗುರು ಇದೇ ಸಾಮ್ಯವನ್ನು ಹಿಡಿದು ಪ್ರಸಂಗ ಮಾಡಿದರು. ಸುಮಾರು 368-69ರಲ್ಲಿ ಆ ಸೀಮೆಗೆ ಭೀಕರ ಬರ ಬಂದಿತ್ತು. ಧಾನ್ಯ ಇದ್ದವರು ಬೆಲೆ ಇನ್ನೂ ಏರಲಿ ಎಂದು ಬಾಗಿಲು ಹಾಕಿ ಕೂತಿದ್ದರು. ಅಂಥವರ ಮುಖಕ್ಕೇ ಬಸಿಲ್ ಮಾತಾಡಿದರು. ನಿನ್ನ ಪೆಟ್ಟಿಗೆಯಲ್ಲಿ ಮಡಚಿಟ್ಟ ಹೆಚ್ಚಿನ ಬಟ್ಟೆ ಬೆತ್ತಲೆ ಇರುವವನದು, ತೊಡದೆ ಮುಗ್ಗುತ್ತಿರುವ ಪಾದರಕ್ಷೆ ಬರಿಗಾಲಿನವನದು ಎಂಬುದು ಅವರ ವಾದದ ತಿರುಳು. ದೊಡ್ಡ ಕಣಜ ಬೇಕಿದ್ದರೆ ಬಡವರ ಮನೆಗಳೇ ಇವೆಯಲ್ಲ ಎಂದರು. ಹೇಳಿ ಸುಮ್ಮನಾಗಲಿಲ್ಲ. ಹಸಿದವರನ್ನು ಒಂದೆಡೆ ಸೇರಿಸಿ, ಹಂಡೆಗಳಲ್ಲಿ ಸಾರು ಬೇಯಿಸಿ, ತಾವೇ ನಿಂತು ಬಡಿಸಿದರು ಎಂದು ಅವರ ಗೆಳೆಯ ಗ್ರೆಗೊರಿ ಬರೆದಿಟ್ಟಿದ್ದಾರೆ. ಮುಂದೆ ಬಿಷಪ್ ಆದ ಮೇಲೆ ಪಟ್ಟಣದ ಹೊರಗೆ ರೋಗಿಗಳಿಗೆ, ಪರದೇಶಿಗಳಿಗೆ, ಬಡವರಿಗೆ ಆಸರೆಯಾಗುವ ದೊಡ್ಡ ಆಶ್ರಮವನ್ನೇ ಕಟ್ಟಿಸಿದರು.

ತೃಪ್ತಿಯ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಅದನ್ನು ಮನಸ್ಸಿನ ಒಂದು ಸ್ಥಿತಿ ಎಂದುಕೊಳ್ಳುತ್ತೇವೆ. ಕೆಲವರಿಗೆ ಹುಟ್ಟಿನಿಂದ ಬಂದ ಸ್ವಭಾವ, ಉಳಿದವರಿಗೆ ವಯಸ್ಸಾದ ಮೇಲೆ ಬರುವ ಸಮಾಧಾನ ಎಂದು ಭಾವಿಸುತ್ತೇವೆ. ಬೈಬಲ್ಲಿನ ಪುಟಗಳೂ ಸಭೆಯ ಇತಿಹಾಸವೂ ಬೇರೆಯದನ್ನು ಹೇಳುತ್ತವೆ. ತೃಪ್ತಿ ಒಂದು ರೂಢಿ. ನನಗೆ ಬೇಕಾದದ್ದು ಇಷ್ಟು, ಇದರಾಚೆಗಿನದು ನನ್ನದಲ್ಲ ಎಂಬ ಗೆರೆಯನ್ನು ಹಣ ಕೈಗೆ ಬರುವ ಮೊದಲೇ ಎಳೆದುಕೊಂಡವರಿಗೆ ಮಾತ್ರ ಅದು ದಕ್ಕುತ್ತದೆ. ಹಣ ಬಂದ ಮೇಲೆ ಎಳೆಯಲು ಹೊರಟರೆ ಗೆರೆ ನಮ್ಮ ಮುಂದೆ ಮುಂದೆ ಓಡುತ್ತಲೇ ಇರುತ್ತದೆ.

ಈ ಪಾಠದ ಮೊದಲ ತರಗತಿ ನಡೆದದ್ದು ಮರುಭೂಮಿಯಲ್ಲಿ. ವಿಮೋಚನಕಾಂಡದ 16ನೇ ಅಧ್ಯಾಯ ಅದನ್ನು ವಿವರವಾಗಿ ಹೇಳುತ್ತದೆ. ಐಗುಪ್ತದ ದಾಸತ್ವದಿಂದ ಹೊರಬಂದ ಇಸ್ರಾಯೇಲ್ಯರಿಗೆ ತಿನ್ನಲು ಇಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಸಣ್ಣ ಸಣ್ಣ ಕಾಳಿನಂಥದ್ದು ಬಿದ್ದಿರುತ್ತಿತ್ತು. ಅದೇ ಮನ್ನ. ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರಿನಷ್ಟು, ಕೂಡಿಸಿಕೊಳ್ಳಬೇಕು ಎಂದು ಅಪ್ಪಣೆಯಾಯಿತು. ಕೆಲವರು ಹೆಚ್ಚು ಬಾಚಿದರು, ಕೆಲವರಿಗೆ ಕಡಿಮೆ ಸಿಕ್ಕಿತು. ಅಳೆದು ನೋಡಿದರೆ ಹೆಚ್ಚು ತಂದವನಿಗೆ ಮಿಗಲಿಲ್ಲ, ಕಡಿಮೆ ತಂದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಯಾರೂ ಉಳಿಸಬೇಡಿ ಎಂದು ಮೋಶೆ ಹೇಳಿದ್ದರೂ ಕೆಲವರು ಉಳಿಸಿದರು. ಬೆಳಗಾಗುವಷ್ಟರಲ್ಲಿ ಅದರಲ್ಲಿ ಹುಳು ಬಿದ್ದು ನಾತ ಹೊಡೆಯಿತು. ಆರನೆಯ ದಿನ ಮಾತ್ರ ಎರಡು ಪಾಲು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ, ಏಳನೆಯ ದಿನ ವಿಶ್ರಾಂತಿ. ಆ ದಿನವೂ ಆಸೆಯಿಂದ ಹುಡುಕಲು ಹೋದವರಿಗೆ ಏನೂ ಸಿಗಲಿಲ್ಲ.

ಈ ಜನ ಹಿಂದೆ ಮಾಡುತ್ತಿದ್ದ ಕೆಲಸ ಯಾವುದು ಎಂಬುದನ್ನು ನೆನಪಿಸಿಕೊಂಡರೆ ಪಾಠ ಇನ್ನೂ ಆಳವಾಗಿ ತಟ್ಟುತ್ತದೆ. ವಿಮೋಚನಕಾಂಡದ ಮೊದಲ ಅಧ್ಯಾಯದ ಪ್ರಕಾರ ಅವರು ಫರೋಹನಿಗಾಗಿ ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣದ ಪಟ್ಟಣಗಳನ್ನು ಕಟ್ಟುತ್ತಿದ್ದರು. ಇಟ್ಟಿಗೆ ಹೊತ್ತು ಹೊತ್ತು ಇನ್ನೊಬ್ಬನ ಕಣಜ ಎಬ್ಬಿಸುವುದೇ ಅವರ ಬದುಕಾಗಿತ್ತು. ವಾರಕ್ಕೊಂದು ದಿನ ಕೈಕಟ್ಟಿ ಕೂರುವ ಹಕ್ಕು ದಾಸರಿಗೆ ಎಲ್ಲಿಯದು? ಅಂಥವರಿಗೆ ದೇವರು ಮೊದಲು ಕಲಿಸಿದ್ದು ಅಳತೆ ಮತ್ತು ವಿಶ್ರಾಂತಿ. ಸ್ವತಂತ್ರರಾದವರು ಫರೋಹನ ಹಾಗೆ ಕೂಡಿಡುವ ಜನವಾಗಬಾರದು ಎಂಬ ಕಾಳಜಿ ಅದರಲ್ಲಿದೆ. ಭಾನುವಾರವೂ ಅಂಗಡಿ ಮುಚ್ಚದ, ರಜೆಯ ದಿನವೂ ಕಚೇರಿಯ ಫೋನ್ ಬಿಡದ ನಮ್ಮ ಕಾಲಕ್ಕೆ ಈ ವಿಶ್ರಾಂತಿಯ ಕಟ್ಟಳೆ ಎಷ್ಟು ಬೇಕಾಗಿದೆ ಎಂಬುದು ದಣಿದ ಪ್ರತಿ ಮನೆಗೂ ಗೊತ್ತು. ಕರ್ತನ ಪ್ರಾರ್ಥನೆಯಲ್ಲಿ ಯೇಸು ಆಯಾ ದಿನದ ಆಹಾರವನ್ನಷ್ಟೇ ಬೇಡಲು ಕಲಿಸಿದ್ದೂ ಇದೇ ಮನ್ನದ ಪಾಠದ ಮುಂದುವರಿಕೆ. ಅದರಲ್ಲಿ ನನಗೆ ಕೊಡು ಎಂಬುದಿಲ್ಲ, ನಮಗೆ ಕೊಡು ಎಂದಿದೆ ಎಂಬುದನ್ನೂ ಮರೆಯಬಾರದು.

ಕನ್ನಡ ಓದುಗರಿಗೆ ಇಲ್ಲಿ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ನೆನಪಾಗದೆ ಇರಲಾರರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಅಳತೆಗೆ ಮೀರಿದ್ದು, ಸುರಿದು ಬನ್ನಿ ಎಂದು ಕಳುಹಿಸಿದವರು ಲಕ್ಕಮ್ಮ. ಎರಡು ಪರಂಪರೆಗಳ ತತ್ವ ಬೇರೆ, ಕಾಲ ಬೇರೆ. ಆದರೆ ಹೆಚ್ಚಿಗೆ ಸಿಕ್ಕದ್ದನ್ನು ಅದೃಷ್ಟ ಎಂದು ಸಂಭ್ರಮಿಸದೆ ಅನುಮಾನದಿಂದ ನೋಡುವ ಆ ಕಣ್ಣು ಎರಡರಲ್ಲೂ ಒಂದೇ. ಮಲೆನಾಡಿನ, ಬಯಲುಸೀಮೆಯ ಕ್ರೈಸ್ತ ಸಭೆಗಳಲ್ಲಿ ಮನ್ನದ ಕಥೆ ಕೇಳುವವರು ಇದೇ ನೆಲದ ಮಕ್ಕಳು. ಅವರಿಗೆ ಈ ಅಳತೆಯ ಮಾತು ಪರಕೀಯವಾಗಬೇಕಿಲ್ಲ.

ತೃಪ್ತಿಯ ಬಗ್ಗೆ ಹೊಸ ಒಡಂಬಡಿಕೆಯಲ್ಲಿ ಅತಿ ಹೆಚ್ಚು ನೆನೆಯುವ ಮಾತುಗಳು ಪೌಲನವು. ಅವು ಇರುವುದು ಫಿಲಿಪ್ಪಿಯ ಸಭೆಗೆ ಬರೆದ ಪತ್ರದಲ್ಲಿ. ಅದನ್ನು ಬರೆಯುವಾಗ ಆತ ಸೆರೆಯಲ್ಲಿದ್ದ. ಅಲ್ಲಿನ ವಿಶ್ವಾಸಿಗಳು ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ ಸಹಾಯ ತಲುಪಿತ್ತು. ಅದಕ್ಕೆ ಉತ್ತರವಾಗಿ ಬರೆದ ಕೃತಜ್ಞತೆಯ ಸಾಲುಗಳಲ್ಲಿ ಪೌಲ ತನ್ನ ಒಳಗಿನ ಸಂಗತಿಯೊಂದನ್ನು ಬಿಚ್ಚಿಡುತ್ತಾನೆ. ಕೊರತೆಯಲ್ಲೂ ಇರಬಲ್ಲೆ, ಸಮೃದ್ಧಿಯಲ್ಲೂ ಇರಬಲ್ಲೆ, ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಎನ್ನುತ್ತಾನೆ. ಅದು ತನಗೆ ವರವಾಗಿ ಇಳಿದು ಬಂತು ಎನ್ನುವುದಿಲ್ಲ. ಕಲಿತದ್ದು ಎಂದ ಮೇಲೆ ಅದಕ್ಕೆ ಸಮಯ ಹಿಡಿದಿದೆ, ಎಡವಿದ್ದೂ ಇದ್ದೀತು. ಗುಡಾರ ಹೊಲಿಯುವುದು ಆತನ ಕಸುಬು. ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿದ್ದುಕೊಂಡು ಅದೇ ಕೆಲಸ ಮಾಡಿ ಹೊಟ್ಟೆ ಹೊರೆದುಕೊಂಡ. ಕೊರತೆಯಲ್ಲಿ ಬದುಕುವುದಕ್ಕೆ ಕಲಿಕೆ ಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಸಮೃದ್ಧಿಯಲ್ಲಿ ಬದುಕುವುದಕ್ಕೂ ಕಲಿಕೆ ಬೇಕು ಎಂದದ್ದು ಪೌಲನ ದೊಡ್ಡತನ. ಇದ್ದಕ್ಕಿದ್ದಂತೆ ಜಮೀನಿಗೆ ಪರಿಹಾರದ ಹಣ ಬಂದು, ನಾಲ್ಕೇ ವರ್ಷದಲ್ಲಿ ಜಮೀನೂ ಇಲ್ಲದೆ ಹಣವೂ ಇಲ್ಲದೆ ಕುಳಿತ ಕುಟುಂಬಗಳನ್ನು ಕಂಡವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಕಲಿಕೆಗೆ ಅಡ್ಡ ಬರುವುದು ಹೋಲಿಕೆ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಗಳ ಸಾಮ್ಯ ಇದನ್ನೇ ತೋರಿಸುತ್ತದೆ. ತೋಟದ ಯಜಮಾನ ಬೆಳಗಿನ ಜಾವ ಬಂದವರೊಂದಿಗೆ ದಿನಕ್ಕೆ ಒಂದು ದಿನಾರಿ ಎಂದು ಮಾತಾಡಿಕೊಂಡ. ಸಂಜೆ ಐದಕ್ಕೆ ಬಂದವರಿಗೂ ಕೆಲಸ ಕೊಟ್ಟ. ಬಟವಾಡೆ ಮಾಡುವಾಗ ಕೊನೆಗೆ ಬಂದವರಿಗೂ ಅದೇ ಒಂದು ದಿನಾರಿ ಸಿಕ್ಕಿತು. ಬೆಳಿಗ್ಗೆಯಿಂದ ದುಡಿದವರು ಗೊಣಗಿದರು. ಒಪ್ಪಿಕೊಂಡ ಕೂಲಿ ಅವರಿಗೆ ಪೂರ್ತಿ ಸಿಕ್ಕಿತ್ತು. ಪಕ್ಕದವನ ಕೈಯಲ್ಲಿದ್ದ ನಾಣ್ಯ ಕಾಣುವ ತನಕ ಅವರಿಗೆ ಯಾವ ಅಸಮಾಧಾನವೂ ಇರಲಿಲ್ಲ. ಇವತ್ತು ಪಕ್ಕದವನ ಕೈ ನೋಡಲು ಸಂಜೆಯ ಬಟವಾಡೆಗೆ ಕಾಯಬೇಕಾಗಿಲ್ಲ. ಪರಿಚಯದವರ ಗೃಹಪ್ರವೇಶ, ಹೊಸ ಕಾರು, ವಿದೇಶದ ಪ್ರವಾಸ ಎಲ್ಲವೂ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅಂಗೈಯಲ್ಲಿ ಬಂದು ಕೂತಿರುತ್ತವೆ. ಹತ್ತು ಆಜ್ಞೆಗಳಲ್ಲಿ ಕೊನೆಯದು ನೆರೆಯವನ ಮನೆ, ಎತ್ತು, ಕತ್ತೆಗಳನ್ನು ಆಶಿಸಬೇಡ ಎನ್ನುತ್ತದೆ. ಕೊಲೆ, ಕಳವುಗಳನ್ನು ಕೈ ಮಾಡಿದ ಮೇಲೆ ಹಿಡಿಯಬಹುದು. ಈ ಆಜ್ಞೆಯಾದರೋ ಕೈ ಚಾಚುವುದಕ್ಕೆ ಮೊದಲೇ ಕಣ್ಣನ್ನು ತಡೆಯುತ್ತದೆ.

ಗೆರೆ ಎಳೆಯುವುದು ಎಂದರೇನು ಎಂಬುದಕ್ಕೆ ನನಗೆ ಅತಿ ಸ್ಪಷ್ಟ ಉದಾಹರಣೆಯಾಗಿ ಕಾಣುವವರು ಜಾನ್ ವೆಸ್ಲಿ. 1703ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ 1791ರಲ್ಲಿ ತೀರಿಕೊಂಡ ಈ ಪ್ರಸಂಗಿ ಮೆಥಡಿಸ್ಟ್ ಚಳವಳಿಯ ಮೂಲಪುರುಷ. ಮೈಸೂರು ಸೀಮೆಯಲ್ಲಿ ಶಾಲೆ, ಮುದ್ರಣಾಲಯ, ಆಸ್ಪತ್ರೆಗಳನ್ನು ನಡೆಸಿದ ವೆಸ್ಲಿಯನ್ ಮಿಷನ್ ಅವರ ಹೆಸರನ್ನೇ ಹೊತ್ತದ್ದು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆ ಸಭೆಗಳೂ ಅದರಲ್ಲಿ ಸೇರಿದವು. ಹಾಗಾಗಿ ಹಳೆ ಮೈಸೂರಿನ ಎಷ್ಟೋ ಕ್ರೈಸ್ತ ಕುಟುಂಬಗಳಿಗೆ ವೆಸ್ಲಿ ದೂರದವರಲ್ಲ.

ವೆಸ್ಲಿ ತಮ್ಮ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡ್‌ನ ಯುವಕನೊಬ್ಬನ ಲೆಕ್ಕ ಕೊಡುತ್ತಾರೆ. ಆ ಯುವಕ ವೆಸ್ಲಿಯೇ ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಮೊದಲ ವರ್ಷ ಅವನಿಗೆ 30 ಪೌಂಡ್ ಆದಾಯ. 28ರಲ್ಲಿ ಬದುಕಿ 2 ಪೌಂಡ್ ಬಡವರಿಗೆ ಕೊಟ್ಟ. ಮರುವರ್ಷ ಆದಾಯ 60 ಪೌಂಡ್ ಆಯಿತು. ಆಗಲೂ 28ರಲ್ಲೇ ಬದುಕಿ 32 ಪೌಂಡ್ ಕೊಟ್ಟ. ಮೂರನೇ ವರ್ಷ 90 ಬಂತು, 62 ಕೊಟ್ಟ. ನಾಲ್ಕನೇ ವರ್ಷ 120 ಬಂತು, 92 ಕೊಟ್ಟ. ಈ ಲೆಕ್ಕದಲ್ಲಿ ಬದಲಾಗದೆ ನಿಂತ ಅಂಕಿ ಒಂದೇ, 28. ಆದಾಯ ನಾಲ್ಕು ಪಟ್ಟಾದರೂ ಬದುಕಿನ ಖರ್ಚು ಅದರ ಹಿಂದೆ ಓಡಲಿಲ್ಲ. ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು. ಸಂಬಳ ಹೆಚ್ಚಾದ ತಿಂಗಳೇ ಕಂತೂ ಹೆಚ್ಚುತ್ತದೆ. ಬೈಕು ಕಾರಾಗುತ್ತದೆ, ಕಾರು ದೊಡ್ಡ ಕಾರಾಗುತ್ತದೆ. ಕೊಡುವ ಕೈಗೆ ಮಾತ್ರ ಮೊದಲಿದ್ದ ನೂರೋ ಇನ್ನೂರೋ ಹಾಗೆಯೇ ಉಳಿಯುತ್ತದೆ.

1776ರಲ್ಲಿ ತೆರಿಗೆ ಇಲಾಖೆಯವರು ವೆಸ್ಲಿಗೆ ಒಂದು ಪತ್ರ ಬರೆದರು. ಅಷ್ಟು ಹೆಸರಾದ ಮನುಷ್ಯನ ಬಳಿ ಸಾಕಷ್ಟು ಬೆಳ್ಳಿ ಪಾತ್ರೆಗಳಿರಬೇಕು, ಲೆಕ್ಕ ಒಪ್ಪಿಸಿಲ್ಲ ಎಂಬುದು ಅವರ ಅನುಮಾನ. ವೆಸ್ಲಿ ಕೊಟ್ಟ ಉತ್ತರ ಎರಡೇ ಸಾಲಿನದು. ನನ್ನ ಬಳಿ ಲಂಡನ್‌ನಲ್ಲಿ ಎರಡು, ಬ್ರಿಸ್ಟಲ್‌ನಲ್ಲಿ ಎರಡು ಬೆಳ್ಳಿ ಚಮಚಗಳಿವೆ, ಸುತ್ತಲೂ ಇಷ್ಟೊಂದು ಜನ ರೊಟ್ಟಿಯಿಲ್ಲದೆ ಇರುವಾಗ ಇನ್ನಷ್ಟು ಬೆಳ್ಳಿ ಕೊಳ್ಳುವುದಿಲ್ಲ ಎಂಬುದು ಅದರ ಸಾರ. ಅವರು ಸಂಪಾದಿಸದೆ ಇದ್ದವರಲ್ಲ. ಅವರ ಪುಸ್ತಕಗಳು ಚೆನ್ನಾಗಿ ಮಾರಾಟವಾಗಿ ಆ ಕಾಲಕ್ಕೆ ದೊಡ್ಡ ಮೊತ್ತವನ್ನೇ ತಂದವು. ಬಂದದ್ದು ಬಂದ ಹಾಗೆ ಹೊರಗೆ ಹರಿಯಿತು.

ಹಣದ ಬಳಕೆಯ ಬಗ್ಗೆ ವೆಸ್ಲಿ ಮಾಡಿದ ಪ್ರಸಂಗ 1760ರಲ್ಲಿ ಅಚ್ಚಾಯಿತು. ಅದರಲ್ಲಿ ಮೂರು ನಿಯಮಗಳಿವೆ: ಆದಷ್ಟು ದುಡಿ, ಆದಷ್ಟು ಉಳಿಸು, ಆದಷ್ಟು ಕೊಡು. ದುಡಿಮೆಗೂ ಅವರು ಬೇಲಿ ಹಾಕಿದ್ದರು. ನಿನ್ನ ಆರೋಗ್ಯ ಕೆಡಿಸುವ, ನೆರೆಯವನ ದೇಹಕ್ಕಾಗಲಿ ಬದುಕಿಗಾಗಲಿ ಕುತ್ತು ತರುವ ಸಂಪಾದನೆ ಬೇಡ. ಕೊನೆಗಾಲದಲ್ಲಿ ಅವರನ್ನು ಕಾಡಿದ ಚಿಂತೆ ಎಂದರೆ, ಅನುಯಾಯಿಗಳು ಮೊದಲ ಎರಡು ನಿಯಮಗಳನ್ನು ಚಾಚೂತಪ್ಪದೆ ಪಾಲಿಸಿ ಮೂರನೆಯದನ್ನು ಕೈಬಿಟ್ಟದ್ದು. ಭಕ್ತಿ ಇದ್ದಲ್ಲಿ ಶ್ರಮ ಬರುತ್ತದೆ, ದುಂದು ನಿಲ್ಲುತ್ತದೆ. ಶ್ರಮವೂ ಮಿತವ್ಯಯವೂ ಸೇರಿದರೆ ಹಣ ಕೂಡುತ್ತದೆ. ಹಣ ಕೂಡಿದರೆ ಅಹಂಕಾರ ಬಂದು ಭಕ್ತಿಯನ್ನೇ ನುಂಗುತ್ತದೆ. ಈ ಸುಳಿಯನ್ನು ಅವರು 1786ರಲ್ಲೇ ಗುರುತಿಸಿ ಬರೆದರು. ಕುಡಿತ ಬಿಟ್ಟು, ಮಕ್ಕಳನ್ನು ಓದಿಸಿ, ಎರಡು ತಲೆಮಾರಿನಲ್ಲಿ ಮೇಲೆ ಬಂದ ಯಾವುದೇ ಸಮುದಾಯ ಈ ಸುಳಿಯ ಬಾಯಲ್ಲೇ ನಿಂತಿರುತ್ತದೆ. ಅದರಿಂದ ದಾಟಿಸುವ ಹಗ್ಗ ಮೂರನೆಯ ನಿಯಮ ಒಂದೇ ಎಂದು ಅವರು ನಂಬಿದ್ದರು.

ಇಲ್ಲಿ ಒಬ್ಬ ಗೃಹಸ್ಥ ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳ ಶಾಲೆಯ ಶುಲ್ಕ, ಅಪ್ಪ ಅಮ್ಮನ ಔಷಧ, ನಾಳಿನ ವೃದ್ಧಾಪ್ಯ ಇವಕ್ಕೆಲ್ಲ ಕೂಡಿಡುವುದು ಲೋಭವೇ? ಖಂಡಿತ ಅಲ್ಲ. ಬೈಬಲ್ ಇರುವೆಯ ಮುಂದಾಲೋಚನೆಯನ್ನು ಹೊಗಳುತ್ತದೆ. ಐಗುಪ್ತದಲ್ಲಿ ಯೋಸೇಫನು ಸುಗ್ಗಿಯ ಏಳು ವರ್ಷ ಧಾನ್ಯ ಕೂಡಿಟ್ಟದ್ದರಿಂದಲೇ ಬರದ ಏಳು ವರ್ಷ ಜನ ಬದುಕಿದರು. ಯೋಸೇಫನ ಉಗ್ರಾಣಕ್ಕೂ ಸಾಮ್ಯದ ಸಾಹುಕಾರನ ಕಣಜಕ್ಕೂ ಇರುವ ವ್ಯತ್ಯಾಸ ಅಗಲ ಎತ್ತರಗಳದ್ದಲ್ಲ. ಯಾರ ಹಸಿವನ್ನು ನೆನೆದು ಅದು ತುಂಬಿತು ಎಂಬುದೇ ವ್ಯತ್ಯಾಸ. ವೆಸ್ಲಿಯ 28 ಪೌಂಡ್ ಒಂಟಿ ಮನುಷ್ಯನ ಗೆರೆ. ನಿಮ್ಮ ಮನೆಯ ಗೆರೆ ಬೇರೆಯಾಗಬಹುದು, ಆಗಬೇಕು ಕೂಡ. ಗೆರೆಯೇ ಇಲ್ಲದ ಮನೆಯಲ್ಲಿ ಮಾತ್ರ ಅಗತ್ಯ ಯಾವುದು ಆಸೆ ಯಾವುದು ಎಂದು ಗುರುತಿಸುವ ದಾರಿಯೇ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ಇನ್ನೂ ಗಂಭೀರವಾದದ್ದು. ತೃಪ್ತಿಯ ಉಪದೇಶವನ್ನು ಉಳ್ಳವರು ಇಲ್ಲದವರ ಬಾಯಿ ಮುಚ್ಚಿಸಲು ಬಳಸಿದ್ದಾರೆ. ಇದ್ದುದರಲ್ಲಿ ಸುಖವಾಗಿರು ಎಂದು ಕೂಲಿ ಕೇಳುವವನಿಗೆ ಹೇಳಿ ಕಳುಹಿಸಿದ್ದಾರೆ. ಇದು ದೇವರ ವಾಕ್ಯವನ್ನು ತಲೆಕೆಳಗು ಮಾಡಿದಂತೆ. ಸಿಗುವ ಸಂಬಳದಲ್ಲಿ ತೃಪ್ತರಾಗಿರಿ ಎಂದು ಸ್ನಾನಿಕ ಯೋಹಾನ ಹೇಳಿದ್ದು ಸೈನಿಕರಿಗೆ, ಅಂದರೆ ಕೈಯಲ್ಲಿ ಆಯುಧ ಹಿಡಿದು ಬಡವರನ್ನು ಬೆದರಿಸಿ ಹಣ ಕೀಳಬಲ್ಲವರಿಗೆ. ಯಾಕೋಬನ ಪತ್ರವಾದರೋ ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಜಮೀನಿನ ಒಡೆಯರನ್ನು ಎಚ್ಚರಿಸುತ್ತದೆ. ಜ್ಞಾನೋಕ್ತಿಗಳ 30ನೇ ಅಧ್ಯಾಯದಲ್ಲಿ ಆಗೂರ ಎಂಬಾತನ ಪ್ರಾರ್ಥನೆಯೊಂದಿದೆ. ಅವನು ಬಡತನವೂ ಬೇಡ, ಐಶ್ವರ್ಯವೂ ಬೇಡ ಎಂದು ಕೇಳಿಕೊಳ್ಳುತ್ತಾನೆ. ಐಶ್ವರ್ಯ ಬಂದರೆ ದೇವರನ್ನು ಮರೆತೇನು, ಬಡತನ ಬಂದರೆ ಕದ್ದೇನು ಎಂಬುದು ಅವನ ಭಯ. ಸಾಕು ಎಂಬ ಗೆರೆಗೆ ಮೇಲಿನ ಮಿತಿ ಇರುವ ಹಾಗೆ ಕೆಳಗಿನ ಮಿತಿಯೂ ಇದೆ. ಹಸಿವು ಅದರೊಳಗೆ ಬರುವುದಿಲ್ಲ.

ನಿಜವಾದ ತೃಪ್ತಿ ಮನುಷ್ಯನನ್ನು ಮೆತ್ತಗೆ ಮಾಡುವುದಿಲ್ಲ ಎಂಬುದಕ್ಕೆ ನಾಬೋತ ಸಾಕ್ಷಿ. ಅರಸುಗಳ ಮೊದಲ ಗ್ರಂಥದ 21ನೇ ಅಧ್ಯಾಯ ಅವನ ಕಥೆ. ಇಜ್ರೇಲಿನಲ್ಲಿ ಅರಸ ಅಹಾಬನ ಅರಮನೆಯ ಪಕ್ಕದಲ್ಲೇ ನಾಬೋತನ ದ್ರಾಕ್ಷಿತೋಟವಿತ್ತು. ಅಹಾಬನಿಗೆ ಅದು ಬೇಕೆನಿಸಿತು. ಯಾತಕ್ಕೆ? ಕಾಯಿಪಲ್ಲೆ ಬೆಳೆಯಲು. ಬದಲಿಗೆ ಇನ್ನೂ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೇ ಹಣ ಕೊಡುತ್ತೇನೆ ಎಂದ. ಪಿತೃಗಳಿಂದ ಬಂದ ಸ್ವಾಸ್ತ್ಯವನ್ನು ಕೊಡಲಾರೆ ಎಂದು ನಾಬೋತ ಹೇಳಿಬಿಟ್ಟ. ಇಡೀ ರಾಜ್ಯವೇ ತನ್ನದಾಗಿದ್ದ ಅರಸ ಮುಖ ಸಿಂಡರಿಸಿಕೊಂಡು ಮನೆಗೆ ಬಂದು, ಮಂಚದ ಮೇಲೆ ಮುಖ ತಿರುಗಿಸಿ ಮಲಗಿ ಊಟ ಬಿಟ್ಟ. ರಾಣಿ ಈಜೆಬೆಲ್ ಅರಸನ ಹೆಸರಿನಲ್ಲಿ ಪತ್ರ ಬರೆದು, ಅರಸನ ಮುದ್ರೆ ಒತ್ತಿ, ಇಬ್ಬರು ಸುಳ್ಳು ಸಾಕ್ಷಿಗಳನ್ನು ನಿಲ್ಲಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ಪತ್ರ, ಮೊಹರು, ಸಾಕ್ಷಿ, ತೀರ್ಪು ಎಲ್ಲವೂ ಕ್ರಮಬದ್ಧವಾಗಿಯೇ ಇದ್ದವು. ತೋಟ ತನ್ನದಾಗಿಸಿಕೊಳ್ಳಲು ಹೋದ ಅಹಾಬನಿಗೆ ಅಲ್ಲೇ ಎದುರಾದವನು ಪ್ರವಾದಿ ಎಲೀಯ. ತನ್ನದು ಸಾಕು ಎಂದ ನಾಬೋತ ಅರಸನ ಮುಖಕ್ಕೇ ಆಗದು ಎನ್ನಬಲ್ಲವನಾದ. ಸಾಕು ಎನ್ನಲು ಬಾರದ ಅರಸ ಒಂದು ಕಾಯಿಪಲ್ಲೆ ಪಾತಿಗಾಗಿ ಕೊಲೆಯ ಪಾಲುದಾರನಾದ. ಲಂಚ ಬೇಡ ಎನ್ನುವ ಗುಮಾಸ್ತ, ಮರಳು ದಂಧೆಗೆ ಹೊಲ ಬಿಡದ ರೈತ, ವರದಕ್ಷಿಣೆ ಕೇಳದ ವರ ಇವರೆಲ್ಲ ನಾಬೋತನ ಕುಲದವರು.

ಈ ಮಾತುಗಳನ್ನು ಕ್ರೈಸ್ತರು ಮೊದಲು ತಮ್ಮ ಅಂಗಳದಲ್ಲೇ ಹೇಳಿಕೊಳ್ಳಬೇಕಾಗಿದೆ. ಕಾಣಿಕೆ ಹಾಕಿದರೆ ದೇವರು ಹತ್ತರಷ್ಟು ನೂರರಷ್ಟು ತಿರುಗಿ ಕೊಡುತ್ತಾನೆ, ಕಾರು ಬಂಗಲೆ ಆತನ ಆಶೀರ್ವಾದದ ಗುರುತು ಎಂದು ಸಾರುವ ಬೋಧನೆ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ, ದೊಡ್ಡ ಮೈದಾನದ ಕೂಟಗಳಲ್ಲಿ ಜೋರಾಗಿದೆ. ಸಾಲದಲ್ಲಿರುವ, ಕಾಯಿಲೆಯಲ್ಲಿರುವ ಮುಗ್ಧ ಜನ ಅದನ್ನು ನಂಬಿ ಕೈಯಲ್ಲಿದ್ದದ್ದನ್ನೂ ಕಳೆದುಕೊಳ್ಳುತ್ತಾರೆ. ಭಕ್ತಿಯನ್ನು ಲಾಭದ ಸಾಧನ ಮಾಡಿಕೊಳ್ಳುವವರ ಬಗ್ಗೆ ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ ಖಂಡತುಂಡವಾಗಿ ಎಚ್ಚರಿಸುತ್ತದೆ. ತೃಪ್ತಿಯೊಂದಿಗೆ ಕೂಡಿದ ಭಕ್ತಿಯೇ ದೊಡ್ಡ ಲಾಭ ಎನ್ನುವ ಆ ಅಧ್ಯಾಯ, ಹಣದಾಸೆಯನ್ನು ಎಲ್ಲ ಬಗೆಯ ಕೇಡಿನ ಬೇರು ಎಂದು ಕರೆಯುತ್ತದೆ. ತಲೆಯಿಡಲು ಸ್ವಂತದ ಜಾಗವಿಲ್ಲದೆ ನಡೆದಾಡಿದ, ಕೊಟ್ಟಿಗೆಯಲ್ಲಿ ಹುಟ್ಟಿ ಇನ್ನೊಬ್ಬರ ಸಮಾಧಿಯಲ್ಲಿ ಮಲಗಿದ ಯೇಸುವಿನ ಹೆಸರಿನಲ್ಲಿ ಐಶ್ವರ್ಯವನ್ನು ಮಾರುವುದು ಸುವಾರ್ತೆಗೆ ಮಾಡುವ ದ್ರೋಹ.

ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ಸಾಮಾನ್ಯ ಕುಟುಂಬಗಳು ಅದನ್ನು ನಡೆದು ತೋರಿಸಿವೆ. ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ 20ನೇ ಶತಮಾನದ ಆರಂಭದಿಂದ ನಡೆದುಬಂದ ಒಂದು ರೂಢಿಯಿದೆ. ಪ್ರತಿ ಸಲ ಅನ್ನಕ್ಕೆ ಅಕ್ಕಿ ಅಳೆಯುವಾಗ ಮನೆಯ ಹೆಂಗಸು ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಗೆ ತೆಗೆದಿಡುತ್ತಾಳೆ. ಸಭೆಯವರು ಬಂದು ಅದನ್ನು ಒಟ್ಟುಮಾಡುತ್ತಾರೆ, ಮಾರಿದ ಹಣ ಸಭೆಯ ಸೇವಾಕಾರ್ಯಕ್ಕೆ ಸಲ್ಲುತ್ತದೆ. ಕೇರಳದಲ್ಲಿ 19ನೇ ಶತಮಾನದಲ್ಲಿ ಸಂತ ಚಾವರ ಕುರಿಯಾಕೋಸ್ ಏಲಿಯಾಸ್ ಇಂಥದ್ದೇ ಹಿಡಿ ಅಕ್ಕಿಯಿಂದ ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡುವ ಏರ್ಪಾಟು ಮಾಡಿದರು. ಹಿಡಿ ಅಕ್ಕಿ ತೆಗೆಯುವುದು ಅನ್ನ ಬೇಯುವ ಮೊದಲು, ಉಂಡು ಮಿಕ್ಕಿದ ಮೇಲಲ್ಲ. ದಿನಕ್ಕೆರಡು ಸಲ ತೆಗೆಯುವ ಕೈಗೆ, ಇದು ನಮ್ಮದಲ್ಲ ಎಂಬುದು ಹೇಳಿಕೊಡದೆಯೇ ರೂಢಿಯಾಗುತ್ತದೆ.

ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಫೆಸ್ತ್ ಕೂಡ ಇದೇ ಪಾಠ. ಆಶೀರ್ವದಿಸಿದ ಹೊಸ ತೆನೆಯನ್ನು ಚರ್ಚಿನಲ್ಲಿ ಕುಟುಂಬಗಳಿಗೆ ಹಂಚುತ್ತಾರೆ. ಗದ್ದೆ ಇದ್ದವರಿಗೂ ಗೇಣು ನೆಲ ಇಲ್ಲದವರಿಗೂ ಸಿಗುವುದು ಅದೇ ತೆನೆ. ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕೂತು ಹಂಚಿಕೊಳ್ಳುತ್ತಾರೆ. ದೂರದ ಊರಿನಲ್ಲಿರುವ ಮಕ್ಕಳಿಗೆ ಆ ಕಾಳನ್ನು ಅಂಚೆಯಲ್ಲಿ ಕಳುಹಿಸುವವರೂ ಇದ್ದಾರೆ. ಬೆಳೆ ಮನೆಗೆ ಬರುವ ಹೊತ್ತಿಗೆ ಮೊದಲು ಕೃತಜ್ಞತೆ, ಆಮೇಲೆ ಹಂಚಿಕೆ, ಆಮೇಲೆ ಊಟ ಎಂಬ ಈ ಕ್ರಮ ಸಾಮ್ಯದ ಸಾಹುಕಾರನಿಗೆ ಗೊತ್ತಿರಲಿಲ್ಲ.

ಲೋಭದಿಂದ ಬಿಡಿಸಿಕೊಂಡ ಮನುಷ್ಯ ಹೇಗಿರುತ್ತಾನೆ ಎಂದು ನೋಡಬೇಕಾದರೆ ಯೆರಿಕೋದ ಜಕ್ಕಾಯನನ್ನು ನೋಡಬೇಕು. ಸುಂಕದವರ ಮುಖ್ಯಸ್ಥನಾಗಿ ದುಡ್ಡು ಮಾಡಿಕೊಂಡಿದ್ದವನು ಅವನು. ಯೇಸು ಅವನ ಮನೆಗೆ ಬಂದ ದಿನ ಅವನು ಅಳುತ್ತ ಕೂರಲಿಲ್ಲ, ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಿದ್ದರೆ ಅವರವರಿಗೆ ನಾಲ್ಕು ಪಟ್ಟು. ಈ ಮನೆಗೆ ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ. ಯಾರಿಗೆ ಎಷ್ಟು ಎಂದು ನಿಂತಲ್ಲೇ ಅಂಕಿಯಲ್ಲಿ ಹೇಳಿದ್ದರಿಂದ ಅವನ ಪಶ್ಚಾತ್ತಾಪ ಬಾಯಿಮಾತಾಗಿ ಉಳಿಯಲಿಲ್ಲ.

ನೀವು ಯಾವ ಧರ್ಮದವರೇ ಆಗಿರಿ, ಈ ತಿಂಗಳ ಸಂಬಳವೋ ಬೆಳೆಯ ಹಣವೋ ಕೈಗೆ ಬರುವ ಮುನ್ನ ಮನೆಯವರೆಲ್ಲ ಒಂದು ಸಂಜೆ ಕೂತು ಒಂದು ಕಾಗದದ ಮೇಲೆ ನಾಲ್ಕು ಸಂಗತಿ ಬರೆಯಿರಿ. ನಮ್ಮ ಮನೆ ನಡೆಯಲು ಎಷ್ಟು ಬೇಕು? ನಾಳೆಗೆ ಎಷ್ಟು ಇಡಬೇಕು? ಇದರಾಚೆಗಿನದು ಯಾರದ್ದು? 12 ತಿಂಗಳ ಬಳಿಕ ಆದಾಯ ಹೆಚ್ಚಾದರೆ ಈ ಮೂರರಲ್ಲಿ ಯಾವುದು ಹೆಚ್ಚಾಗಬೇಕು? ಮಕ್ಕಳನ್ನೂ ಕೂರಿಸಿಕೊಳ್ಳಿ. ತಮಗೆ ಸಿಗದಿದ್ದದ್ದು ಏನೆಂದು ಅವರಿಗೆ ಗೊತ್ತಿರುತ್ತದೆ, ತಾವು ಯಾರಿಗೆ ಕೊಟ್ಟೆವು ಎಂಬುದೂ ಗೊತ್ತಾಗಲಿ. ಮನೆಗೆಲಸದವರ, ಆಳುಗಳ ಬಾಕಿ ಇದ್ದರೆ ಮೊದಲು ತೀರಿಸಿ, ಅದು ದಾನವಲ್ಲ, ಸಾಲ. ವಾರದಲ್ಲಿ ಒಂದು ದಿನ ಕೊಳ್ಳುವುದನ್ನೂ ದುಡಿಯುವುದನ್ನೂ ನಿಲ್ಲಿಸಿ. ಅಡುಗೆಮನೆಯಲ್ಲಿ ಒಂದು ಹಿಡಿ ಅಕ್ಕಿಗೆ ಪಾತ್ರೆ ಇಡಿ. ಗೆರೆ ಎಳೆಯುವುದಕ್ಕೆ ಶ್ರೀಮಂತರಾಗುವ ತನಕ ಕಾಯಬೇಡಿ, ಕಾದವರಲ್ಲಿ ಗೆರೆ ಎಳೆದವರು ತೀರ ಕಡಿಮೆ.